ವಿಮಾನ ನೆಲ ಬಿಡುವ ಹೊತ್ತು

ರಾತ್ರಿ ಊಟವಾದ ಮೇಲೆ ರೇಡಿಯೋ ಮುಂದೆ ಕುಳಿತು ದೂರದ ನಿಲಯವೊಂದನ್ನು ಹಿಡಿಯಲು ನೀವು ಗುಂಡಿ ತಿರುಗಿಸಿದ್ದುಂಟಲ್ಲವೆ? ಮಧ್ಯಮ ತರಂಗದಲ್ಲಿ ಎರಡು ನಿಲಯಗಳು ಒಂದರ ಮೇಲೊಂದು ಬಿದ್ದಾಗ ಹಾಡೂ ಕೇಳಿಸದು, ಮಾತೂ ಕೇಳಿಸದು. ಕಿವಿ ಕೊರೆಯುವ ಶಿಳ್ಳೊಂದು ಮಾತ್ರ ಕೇಳಿಸುತ್ತದೆ. ಒಳಗಿನಿಂದ ಯಾರಾದರೂ "ಅದನ್ನು ಆರಿಸಿಬಿಡಿ" ಎನ್ನುತ್ತಾರೆ. ನೀವು ಗುಂಡಿಯನ್ನು ಕೊಂಚ ಅತ್ತ ಸರಿಸುತ್ತೀರಿ; ಅಲ್ಲಿಗೆ ಆ ಮಾತು ಮುಗಿಯಿತು.

ನಮ್ಮ ಮನೆಯಲ್ಲಿ ಅದು ಬರಿಯ ಕಿರಿಕಿರಿ. ಆದರೆ ೧೯೭೭ನೆಯ ಇಸವಿ ಮಾರ್ಚ್ ೨೭ರ ಸಂಜೆ, ಆಫ್ರಿಕದ ಪಶ್ಚಿಮ ತೀರದಾಚೆ ಸ್ಪೇನಿಗೆ ಸೇರಿದ ಟೆನೆರಿಫ್ ಎಂಬ ದ್ವೀಪದಲ್ಲಿ, ವಿಮಾನವೊಂದರ ರೇಡಿಯೋದಲ್ಲಿ ಮೂರು ನಾಲ್ಕು ಸೆಕೆಂಡುಗಳ ಕಾಲ ಇಂಥದೇ ಒಂದು ಶಿಳ್ಳು ಕೇಳಿಸಿತು. ಅದರ ಕೆಳಗೆ ಎರಡು ಎಚ್ಚರಿಕೆಯ ಮಾತುಗಳು ಹೂತುಹೋದುವು. ಅರ್ಧ ನಿಮಿಷದಲ್ಲಿ ಎರಡು ಭಾರಿ ವಿಮಾನಗಳು ನೆಲದ ಮೇಲೆಯೇ ಒಂದಕ್ಕೊಂದು ಡಿಕ್ಕಿ ಹೊಡೆದು ೫೮೩ ಜನ ಪ್ರಾಣ ಕಳೆದುಕೊಂಡರು. ವಿಮಾನಯಾನದ ಚರಿತ್ರೆಯಲ್ಲಿ ಒಂದೇ ಅಪಘಾತದಲ್ಲಿ ಇಷ್ಟು ಜನ ಸತ್ತದ್ದು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ.

ಅಂದು ಅನುಮತಿಯಿಲ್ಲದೆ ವಿಮಾನವನ್ನು ಓಡಿಸಿದ ವೈಮಾನಿಕ ಹೊಸಬನಲ್ಲ. ತನ್ನ ಸಂಸ್ಥೆಯಲ್ಲಿ ಇತರ ವೈಮಾನಿಕರಿಗೆ ಆ ವಿಮಾನವನ್ನೇ ನಡೆಸಲು ಕಲಿಸುತ್ತಿದ್ದ ಹಿರಿಯ. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಹಾಗಾದರೆ ತಪ್ಪಿದ್ದು ಎಲ್ಲಿ? ಹೊರಡುವ ಕ್ರಮದಲ್ಲಿ ಒಂದು ಮೆಟ್ಟಿಲು ತಪ್ಪಿತು, ಅಷ್ಟೆ. ವಿಮಾನವೆಂದರೆ ಎಲ್ಲಿ ಎಂಜಿನ್ ಕೆಡುವುದೋ, ಎಲ್ಲಿ ರೆಕ್ಕೆ ಮುರಿಯುವುದೋ ಎಂದು ನಾವು ಅಂಜುತ್ತೇವೆ. ಆದರೆ ಯಂತ್ರ ಗಟ್ಟಿಯಾಗಿದ್ದೂ ನುರಿತವರು ದಿನವೂ ಮಾಡುವ ಕೆಲಸದಲ್ಲಿ ಎಡವಿ ಆದ ಅನಾಹುತಗಳು ನಮಗೆ ಕಲಿಸುವುದು ಇನ್ನೂ ಹೆಚ್ಚು. ಅದು ಹೇಗೆ, ಅದಕ್ಕೆ ಕಂಡುಕೊಂಡ ಮದ್ದೇನು ಎಂಬುದನ್ನು ಇಲ್ಲಿ ನೋಡೋಣ.

ಹೊರಡುವ ಕ್ರಮ

ನೀವು ಬೆಂಗಳೂರಿನಿಂದ ದೆಹಲಿಗೆ ಹೊರಟಿದ್ದೀರಿ ಎನ್ನಿ. ದೇವನಹಳ್ಳಿಯ ನಿಲ್ದಾಣದಲ್ಲಿ ಬೆಲ್ಟು ಬಿಗಿದುಕೊಂಡು ಕಿಟಕಿಯಾಚೆ ನೋಡುತ್ತ ಕುಳಿತಿದ್ದೀರಿ. ವಿಮಾನ ಹಂದುವುದೇ ಇಲ್ಲ. ಇವರೇನು ಮಾಡುತ್ತಿದ್ದಾರಪ್ಪಾ ಎಂದು ಗೊಣಗಿಕೊಳ್ಳುತ್ತೀರಿ. ಆದರೆ ಮುಂದಿನ ಪುಟ್ಟ ಕೋಣೆಯಲ್ಲಿ ಕುಳಿತ ಇಬ್ಬರಿಗೆ, ಅಂದರೆ ಕ್ಯಾಪ್ಟನ್ ಮತ್ತು ಸಹ ವೈಮಾನಿಕರಿಗೆ, ಇಡೀ ಪ್ರಯಾಣದಲ್ಲಿ ಬಿಡುವಿಲ್ಲದ ಹೊತ್ತೆಂದರೆ ಇದೇ.

ಮೊದಲನೆಯದು ಲೆಕ್ಕ. ವಿಮಾನದ ತೂಕ ಎಷ್ಟು, ಗಾಳಿ ಯಾವ ಕಡೆಯಿಂದ, ರನ್‌ವೇ ಎಷ್ಟು ಉದ್ದ ಎಂಬುದನ್ನು ನೋಡಿ, ಎಂಜಿನ್ನಿಗೆ ಎಷ್ಟು ಶಕ್ತಿ ಕೊಡಬೇಕು, ಯಾವ ವೇಗ ಬಂದಾಗ ಮೂತಿ ಎತ್ತಬೇಕು ಎಂದು ಗೊತ್ತುಮಾಡಬೇಕು.

ಎರಡನೆಯದು ದಾರಿಯ ಅಪ್ಪಣೆ. ಇಂಥ ಊರಿಗೆ, ಇಂಥ ಹೆಸರಿನ ಹಾದಿಯಿಂದ, ಮೊದಲು ಇಷ್ಟು ಎತ್ತರದವರೆಗೆ ಹೋಗತಕ್ಕದ್ದು ಎಂದು ನಿಯಂತ್ರಣಾಧಿಕಾರಿ ತಿಳಿಸುತ್ತಾರೆ. ದೊಡ್ಡ ನಿಲ್ದಾಣಗಳಲ್ಲೆಲ್ಲ ನೆಲ ಬಿಟ್ಟ ಮೇಲೆ ಹಿಡಿಯಬೇಕಾದ ಹಾದಿಗಳನ್ನು ಮೊದಲೇ ನಕ್ಷೆಯಲ್ಲಿ ಬರೆದು ಒಂದೊಂದಕ್ಕೂ ಹೆಸರಿಟ್ಟಿರುತ್ತಾರೆ. ಎಲ್ಲಿ ತಿರುಗಬೇಕು, ಯಾವ ಬಿಂದುವನ್ನು ಎಷ್ಟು ಎತ್ತರದಲ್ಲಿ ದಾಟಬೇಕು ಎಂಬುದೆಲ್ಲ ಅದರಲ್ಲಿದೆ. ಇಳಿಯಲು ಬರುವ ವಿಮಾನಗಳಿಗೂ ಏರಿಹೋಗುವ ವಿಮಾನಗಳಿಗೂ ಮುಖಾಮುಖಿಯಾಗದಂತೆ ಮಾಡಿದ ಏರ್ಪಾಡು ಇದು.

ಮೂರನೆಯದು ವಿಮಾನವನ್ನು ಅಣಿಗೊಳಿಸುವುದು. ರೆಕ್ಕೆಯ ಹಿಂದಂಚಿನಲ್ಲಿ ಫ್ಲ್ಯಾಪ್ ಎಂಬ ಹಲಗೆಗಳಿವೆ. ಮುಂದಂಚಿನಲ್ಲಿಯೂ ಅಂಥವೇ ಕೆಲವು ಉಂಟು. ಅವುಗಳನ್ನು ಹೊರಚಾಚಿದರೆ ಕಡಮೆ ವೇಗದಲ್ಲಿಯೂ ರೆಕ್ಕೆ ಹೆಚ್ಚು ಭಾರ ಎತ್ತಬಲ್ಲದು. ತುಂಬಿದ ಜೆಟ್ ವಿಮಾನ ಇವನ್ನು ಚಾಚದೆ ಹೊರಟರೆ ನೆಲ ಬಿಟ್ಟೀತು, ಆದರೆ ಮೇಲೇರಲಾರದು.

ನಾಲ್ಕನೆಯದು ಸರಿಯಾದ ರನ್‌ವೇಗೆ ಹೋಗಿ ನಿಲ್ಲುವುದು. ರನ್‌ವೇಗಳ ಹೆಸರು ಎಂದರೆ ದಿಕ್ಸೂಚಿಯ ಅಂಕೆಯೇ. ಕೊನೆಯ ಸೊನ್ನೆಯನ್ನು ಬಿಟ್ಟಿರುತ್ತಾರೆ. ಬೆಂಗಳೂರಿನ ಎರಡು ರನ್‌ವೇಗಳೂ ಪೂರ್ವ-ಪಶ್ಚಿಮವಾಗಿ ಅಕ್ಕಪಕ್ಕದಲ್ಲಿವೆ. ಪೂರ್ವಕ್ಕೆ ಮುಖ ಮಾಡಿದಾಗ ಅವುಗಳ ಹೆಸರು ೯, ಪಶ್ಚಿಮಕ್ಕಾದರೆ ೨೭. ಒಂದು ಎಡ, ಒಂದು ಬಲ.

ಕೊನೆಯದು ಏರುವ ಅಪ್ಪಣೆ. ಇದು ದಾರಿಯ ಅಪ್ಪಣೆಗಿಂತ ಬೇರೆ ಎಂಬುದನ್ನು ಚೆನ್ನಾಗಿ ನೆನಪಿನಲ್ಲಿಟ್ಟುಕೊಳ್ಳಿ. ಹೋಗಬೇಕಾದ ಹಾದಿ ಗೊತ್ತಾಯಿತು ಎಂದಮಾತ್ರಕ್ಕೆ ಹೊರಡಲು ಹಸುರು ಬಾವುಟ ಬಿದ್ದಂತಲ್ಲ.

ಇಷ್ಟೂ ಕೆಲಸವನ್ನು ಈ ಇಬ್ಬರು ಒಂದೊಂದು ದಿನ ನಾಲ್ಕು ಬಾರಿ ಮಾಡುವುದುಂಟು. ಆಪತ್ತು ಇರುವುದು ಇಲ್ಲೇ. ಕೆಲಸ ಕಷ್ಟವೆಂದಲ್ಲ, ಅತಿ ಪರಿಚಿತವೆಂದು.

ಕೈ ಮಾಡಿತು, ಮನಸ್ಸು ನೋಡಲಿಲ್ಲ

ಊರಿಗೆ ಹೊರಟು ಬಸ್ ನಿಲ್ದಾಣ ಮುಟ್ಟಿದ ಮೇಲೆ, "ಬಾಗಿಲಿಗೆ ಬೀಗ ಹಾಕಿದೆನೆ? ಗ್ಯಾಸ್ ಆರಿಸಿದೆನೆ?" ಎಂಬ ಸಂಶಯ ಬಾರದ ಗೃಹಿಣಿಯೂ ಇಲ್ಲ, ಯಜಮಾನರೂ ಇಲ್ಲ. ಹಾಕಿದಂತೆ ನೆನಪು. ಆದರೆ ಆ ನೆನಪು ಇವತ್ತಿನದೋ ನಿನ್ನೆಯದೋ ಹೇಳಲು ಬಾರದು. ಸಾವಿರ ಸಲ ಮಾಡಿದ ಕೆಲಸವನ್ನು ಕೈ ತಾನಾಗಿ ಮಾಡುತ್ತದೆ. ಎಂದಾದರೂ ಒಂದು ದಿನ ಬೀಗ ಹಿಡಿದುಕೊಂಡಿದ್ದಾಗಲೇ ಪಕ್ಕದ ಮನೆಯವರು ಮಾತನಾಡಿಸಿದರೆ ಕೈ ಆ ಕೆಲಸವನ್ನು ಬಿಟ್ಟುಬಿಡುತ್ತದೆ. ಮನಸ್ಸು ಮಾತ್ರ ಆಯಿತೆಂದೇ ತಿಳಿಯುತ್ತದೆ.

ವಿಮಾನದಲ್ಲಿ ಈ ಮರೆವಿಗೆ ಮೊದಲ ಮದ್ದು ಸಿಕ್ಕಿದ್ದು ಒಂದು ದುರಂತದಿಂದ. ೧೯೩೫ರ ಅಕ್ಟೋಬರ್ ೩೦ರಂದು ಅಮೆರಿಕದ ಓಹಾಯೋ ಪ್ರಾಂತದ ಡೇಟನ್ ನಗರದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್ ಸಂಸ್ಥೆಯ ಹೊಸ ನಾಲ್ಕು ಎಂಜಿನ್ನಿನ ಬಾಂಬರ್ ವಿಮಾನವನ್ನು ಸೇನೆಯವರು ಪರೀಕ್ಷಿಸುತ್ತಿದ್ದರು. ನಡೆಸುತ್ತಿದ್ದವರು ಮೇಜರ್ ಪ್ಲಾಯರ್ ಹಿಲ್ ಎಂಬ ಅನುಭವಿ. ವಿಮಾನ ನೆಲ ಬಿಟ್ಟು ಕಡಿದಾಗಿ ಏರಿತು, ತಡೆಯಿತು, ಬಿದ್ದು ಉರಿಯಿತು. ಹಿಲ್ ಮತ್ತು ಬೋಯಿಂಗ್ ಸಂಸ್ಥೆಯ ಪರೀಕ್ಷಾ ವೈಮಾನಿಕ ಲೆಸ್ಲಿ ಟವರ್ ತೀರಿಕೊಂಡರು. ಕಾರಣ ಹುಡುಕಿದಾಗ ಕಂಡದ್ದೇನು? ನಿಲ್ಲಿಸಿದ ವಿಮಾನದ ಬಾಲದ ಹಲಗೆಗಳು ಗಾಳಿಗೆ ಬಡಿದಾಡದಿರಲೆಂದು ಹಾಕುವ ಚಿಲಕವನ್ನು ತೆಗೆಯಲು ಮರೆತಿದ್ದರು. ಆಮೇಲೆ ಸೇನೆಯ ವೈಮಾನಿಕರು ಒಂದು ಸಣ್ಣ ಉಪಾಯ ಮಾಡಿದರು. ಮಾಡಬೇಕಾದ್ದನ್ನೆಲ್ಲ ಕಾಗದದ ಮೇಲೆ ಸಾಲಾಗಿ ಬರೆದು, ಹೊರಡುವ ಮುನ್ನ ಒಂದೊಂದನ್ನೂ ಓದಿ ನೋಡಿಕೊಳ್ಳತೊಡಗಿದರು. ಇದೇ ಇಂದಿನ ಚೆಕ್‌ಲಿಸ್ಟ್. ಅದೇ ವಿಮಾನ ಮುಂದೆ ಬಿ-೧೭ ಎಂಬ ಹೆಸರಿನಿಂದ ಯುದ್ಧದಲ್ಲಿ ಪ್ರಸಿದ್ಧವಾಯಿತು.

ಆದರೆ ಪಟ್ಟಿಯನ್ನು ಓದುವವನೂ ಮನುಷ್ಯನೇ. ೧೯೮೭ರ ಆಗಸ್ಟ್ ೧೬ರ ರಾತ್ರಿ ಅಮೆರಿಕದ ಡೆಟ್ರಾಯ್ಟ್‌ನಿಂದ ನಾರ್ತ್‌ವೆಸ್ಟ್ ಸಂಸ್ಥೆಯ ವಿಮಾನವೊಂದು ಹೊರಟಿತ್ತು. ಸುತ್ತಮುತ್ತ ಗುಡುಗು ಮಳೆಯ ಮೋಡ. ಅದು ನೆಲದ ಮೇಲೆ ಸಾಗುತ್ತಿರುವಾಗಲೇ ರನ್‌ವೇ ಬದಲಾಯಿತೆಂಬ ಸೂಚನೆ ಬಂತು. ಹೊಸ ರನ್‌ವೇ ಮೋಟು; ಆದ್ದರಿಂದ ತೂಕದ ಲೆಕ್ಕವನ್ನು ಮತ್ತೆ ನೋಡಬೇಕಾಯಿತು. ರೇಡಿಯೋದ ತರಂಗಾಂತರ ಬದಲಿಸಬೇಕಾಗಿತ್ತು. ಕತ್ತಲಲ್ಲಿ ಒಂದು ತಿರುವು ತಪ್ಪಿತು. ದಿನವೂ ಫ್ಲ್ಯಾಪ್ ಚಾಚಿ ಪಟ್ಟಿ ಓದುವ ಹೊತ್ತು ಈ ಗಡಿಬಿಡಿಯಲ್ಲಿ ಕಳೆದುಹೋಯಿತು. ಆ ಪಟ್ಟಿಯನ್ನು ಯಾರೂ ಕೇಳಲಿಲ್ಲ, ಯಾರೂ ಓದಲಿಲ್ಲ. ಫ್ಲ್ಯಾಪ್ ಇಲ್ಲದೆ ಓಡಿದರೆ ಕೂಗಿ ಎಚ್ಚರಿಸಬೇಕಾದ ಯಂತ್ರಕ್ಕೆ ಅಂದು ವಿದ್ಯುತ್ತು ಇರಲಿಲ್ಲ. ವಿಮಾನ ನೆಲ ಬಿಟ್ಟಿತು, ಏರಲಾರದೆ ದೀಪದ ಕಂಬಕ್ಕೆ ರೆಕ್ಕೆ ತಾಗಿ ರಸ್ತೆಗೆ ಬಿತ್ತು. ಒಳಗಿದ್ದ ೧೫೫ ಮಂದಿಯಲ್ಲಿ ಉಳಿದದ್ದು ನಾಲ್ಕು ವರ್ಷದ ಒಂದು ಹೆಣ್ಣು ಮಗು. ರಸ್ತೆಯಲ್ಲಿದ್ದ ಇಬ್ಬರೂ ಸತ್ತರು.

ಲೋಕ ಪಾಠ ಕಲಿಯಿತೆಂದು ನೀವು ಭಾವಿಸಬಹುದು. ಇಪ್ಪತ್ತೊಂದು ವರ್ಷಗಳ ಮೇಲೆ, ೨೦೦೮ರ ಆಗಸ್ಟ್ ೨೦ರಂದು, ಸ್ಪೇನಿನ ರಾಜಧಾನಿ ಮ್ಯಾಡ್ರಿಡ್‌ನಲ್ಲಿ ಅದೇ ಬಗೆಯ ವಿಮಾನ ಅದೇ ರೀತಿ ಫ್ಲ್ಯಾಪ್ ಚಾಚದೆ ಹೊರಟು ಬಿತ್ತು. ಇದು ಸ್ಪ್ಯಾನೇರ್ ಸಂಸ್ಥೆಯದು. ಮೊದಲು ಹೊರಟಾಗ ಒಂದು ಸಣ್ಣ ದೋಷ ಕಂಡು ಅದು ಹಿಂದಿರುಗಿತ್ತು, ದುರಸ್ತಿಯವರು ಬಂದು ನೋಡಿಹೋದರು, ಹೊತ್ತು ಮೀರಿತ್ತು. ಎರಡನೆಯ ಸಲ ಹೊರಡುವಾಗ ಕ್ರಮದ ನಡುವಿನ ಒಂದು ಕೊಂಡಿ ಕಳಚಿತು. ಇಲ್ಲಿಯೂ ಎಚ್ಚರಿಕೆಯ ಯಂತ್ರ ಕೂಗಲಿಲ್ಲ. ಕೋಣೆಯ ಧ್ವನಿಮುದ್ರಣದಲ್ಲಿ ಕೊನೆಯ ಪರಿಶೀಲನೆಯ ಮಾತುಗಳು ದಾಖಲಾಗಿವೆ. ಸಹ ವೈಮಾನಿಕ ಫ್ಲ್ಯಾಪಿನ ಅಂಕೆಯನ್ನೂ ಸರಿಯಾಗಿಯೇ ಹೇಳುತ್ತಾನೆ. ಆದರೆ ಅದು ಅಭ್ಯಾಸದಿಂದ ನಾಲಗೆಗೆ ಬಂದ ಅಂಕೆ, ಕಣ್ಣು ಕಂಡ ಅಂಕೆಯಲ್ಲ. ೧೭೨ ಜನರಲ್ಲಿ ೧೫೪ ಜನ ಸತ್ತರು.

ಪಟ್ಟಿ ಓದುವುದು ಬೇರೆ, ನೋಡುವುದು ಬೇರೆ. ಮಂತ್ರ ಬಾಯಿಪಾಠವಾಗಿದೆ ಎಂದು ಅರ್ಥದ ಕಡೆ ಗಮನ ತಪ್ಪಿದಂತೆ ಇದೂ ಒಂದು. ಆದ್ದರಿಂದಲೇ, ಪಟ್ಟಿಯ ನಡುವೆ ಯಾವುದಾದರೂ ಅಡಚಣೆ ಬಂದರೆ ನಿಲ್ಲಿಸಿದಲ್ಲಿಂದ ಮುಂದುವರಿಸದೆ ಮೊದಲಿನಿಂದ ಓದಬೇಕೆಂದು ವೈಮಾನಿಕರಿಗೆ ಕಲಿಸುತ್ತಾರೆ. ಉತ್ತರ ಹೇಳುವವನು ಕಣ್ಣಿಟ್ಟು ಕಂಡೇ ಹೇಳಬೇಕು.

ಕೇಳಿದ್ದು, ಕೇಳಬೇಕೆಂದಿದ್ದುದು

ಈಗ ಟೆನೆರಿಫ್‌ಗೆ ಹಿಂದಿರುಗೋಣ. ಅಂದು ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬು ಸಿಡಿದುದರಿಂದ ಅಲ್ಲಿಗೆ ಹೋಗಬೇಕಾಗಿದ್ದ ವಿಮಾನಗಳನ್ನೆಲ್ಲ ಟೆನೆರಿಫ್‌ನ ಲಾಸ್ ರೋಡಿಯೋಸ್ ಎಂಬ ಚಿಕ್ಕ ನಿಲ್ದಾಣಕ್ಕೆ ಕಳಿಸಿದ್ದರು. ಅಲ್ಲಿರುವುದು ಒಂದೇ ರನ್‌ವೇ. ಪಕ್ಕದ ದಾರಿಯಲ್ಲೆಲ್ಲ ವಿಮಾನಗಳು ನಿಂತುಬಿಟ್ಟಿದ್ದರಿಂದ, ಹೊರಡುವ ವಿಮಾನ ರನ್‌ವೇ ಮೇಲೆಯೇ ಆ ತುದಿಯವರೆಗೆ ನಡೆದು, ಅಲ್ಲಿ ತಿರುಗಿ, ಮತ್ತೆ ಇತ್ತ ಓಡಬೇಕಾಗಿತ್ತು. ಸಾಲದ್ದಕ್ಕೆ ಬೆಟ್ಟದ ಮಂಜು ಇಳಿದು ಎದುರಿನದೇನೂ ಕಾಣದಂತಾಗಿತ್ತು.

ಹಾಲೆಂಡಿನ ಕೆ.ಎಲ್.ಎಂ. ಸಂಸ್ಥೆಯ ೭೪೭ ವಿಮಾನ ತುದಿ ಮುಟ್ಟಿ ತಿರುಗಿ ನಿಂತಿತು. ಅಮೆರಿಕದ ಪ್ಯಾನ್ ಆಮ್ ಸಂಸ್ಥೆಯ ಇನ್ನೊಂದು ೭೪೭ ಅದೇ ರನ್‌ವೇ ಮೇಲೆ ಹಿಂದೆ ಬರುತ್ತಿತ್ತು. ಮಂಜಿನಲ್ಲಿ ಗೋಪುರದವರು ಹೇಳಿದ ತಿರುವು ಸಿಗದೆ ಇನ್ನೂ ರನ್‌ವೇ ಬಿಟ್ಟಿರಲಿಲ್ಲ. ಡಚ್ ಕ್ಯಾಪ್ಟನ್‌ಗೆ ಅವಸರ. ಅವರ ದೇಶದಲ್ಲಿ ವೈಮಾನಿಕರು ಇಷ್ಟೇ ಗಂಟೆ ದುಡಿಯಬೇಕೆಂಬ ಕಟ್ಟುನಿಟ್ಟಿನ ಕಾಯಿದೆಯಿತ್ತು. ತಡವಾದರೆ ಆ ರಾತ್ರಿ ಹೊರಡುವಂತೆಯೇ ಇರಲಿಲ್ಲ. ಆತ ಎಂಜಿನ್ನಿಗೆ ಶಕ್ತಿ ಕೊಡಲು ತೊಡಗಿದ. ದಾರಿಯ ಅಪ್ಪಣೆಯೇ ಇನ್ನೂ ಬಂದಿಲ್ಲವಲ್ಲ ಎಂದು ಸಹ ವೈಮಾನಿಕ ನೆನಪು ಮಾಡಿದ. ಅದು ನನಗೂ ಗೊತ್ತು, ಕೇಳು ಎಂದು ಕ್ಯಾಪ್ಟನ್.

ಆತ ಕೇಳಿದ, ಗೋಪುರದವರು ದಾರಿಯ ಅಪ್ಪಣೆ ಕೊಟ್ಟರು. ಆದರೆ ಆ ವಾಕ್ಯದಲ್ಲಿ, 'ಏರಿದ ಮೇಲೆ ಬಲಕ್ಕೆ ತಿರುಗಿ' ಎಂಬಲ್ಲಿ, 'ಟೇಕಾಫ್' ಎಂಬ ಪದ ಬಂತು. ಹೊರಡಲು ತುದಿಗಾಲಲ್ಲಿ ನಿಂತವನ ಕಿವಿಗೆ ಅಷ್ಟೇ ಸಾಕಾಯಿತು. ಸಹ ವೈಮಾನಿಕ ಅಪ್ಪಣೆಯನ್ನು ಇನ್ನೂ ಪುನರುಚ್ಚರಿಸುತ್ತಿರುವಾಗಲೇ ಕ್ಯಾಪ್ಟನ್ ಬ್ರೇಕು ಬಿಟ್ಟ. ಸಹ ವೈಮಾನಿಕನ ಕೊನೆಯ ಮಾತು, ನಾವೀಗ ಟೇಕಾಫ್‌ನಲ್ಲಿದ್ದೇವೆ ಎಂಬರ್ಥದ್ದು. ಏರುವ ಜಾಗದಲ್ಲಿ ಕಾದಿದ್ದಾರೆ ಎಂದು ಗೋಪುರದವರು ತಿಳಿದರು. ಏರುತ್ತಿದ್ದಾರೆ ಎಂಬುದು ಅವರ ಮನಸ್ಸಿನಲ್ಲಿ ಹೊಳೆಯಲೇ ಇಲ್ಲ. 'ಓಕೆ' ಎಂದು ಒಂದು ಚಣ ನಿಂತು, ನಿಲ್ಲಿ, ಆಮೇಲೆ ಕರೆಯುತ್ತೇನೆ ಎಂದರು. ಆ ಚಣದಲ್ಲೇ ಪ್ಯಾನ್ ಆಮ್ ವೈಮಾನಿಕ ಗಾಬರಿಯಾಗಿ, ನಾವಿನ್ನೂ ರನ್‌ವೇ ಮೇಲೆಯೇ ಇದ್ದೇವೆ ಎಂದು ಹೇಳಿದ. ಎರಡು ಧ್ವನಿಗಳು ಒಂದೇ ತರಂಗಾಂತರದಲ್ಲಿ ಒಂದರ ಮೇಲೊಂದು ಬಿದ್ದುವು. ಡಚ್ ವಿಮಾನದಲ್ಲಿ ಕೇಳಿಸಿದ್ದು 'ಓಕೆ' ಎಂಬುದು, ಆಮೇಲೆ ಶಿಳ್ಳು.

ಇನ್ನೂ ಒಂದು ಅವಕಾಶ ಉಳಿದಿತ್ತು. ವಿಮಾನ ಓಡುತ್ತಿರುವಾಗ ಫ್ಲೈಟ್ ಎಂಜಿನಿಯರ್ ರೇಡಿಯೋದ ಮತ್ತೊಂದು ಮಾತು ಕೇಳಿ, ಆ ವಿಮಾನ ರನ್‌ವೇ ಬಿಟ್ಟಿಲ್ಲವೇನು ಎಂದು ಪ್ರಶ್ನಿಸಿದ. ಬಿಟ್ಟಿದೆ ಎಂದು ಕ್ಯಾಪ್ಟನ್ ಒತ್ತಿ ಹೇಳಿದ. ಹಿರಿಯರ ಮಾತಿಗೆ ಎದುರು ಮಾತಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಮಂಜಿನೊಳಗಿಂದ ಎದುರಿನ ವಿಮಾನದ ದೀಪ ಕಂಡಿತು. ಡಚ್ ವಿಮಾನದಲ್ಲಿದ್ದ ೨೪೮ ಮಂದಿಯೂ, ಪ್ಯಾನ್ ಆಮ್ ವಿಮಾನದ ೩೩೫ ಮಂದಿಯೂ ಸತ್ತರು. ಬದುಕಿದವರು ೬೧ ಜನ.

ಗಮನಿಸಿ: ಇಲ್ಲಿ ಯಾರೂ ಬೇಕೆಂದು ನಿಯಮ ಮುರಿಯಲಿಲ್ಲ. ಪ್ರತಿಯೊಬ್ಬನೂ ತಾನು ಕೇಳಬೇಕೆಂದು ಕಾದಿದ್ದುದನ್ನೇ ಕೇಳಿದ. ನಮ್ಮ ಕಿವಿ ಬರಿಯ ರಂಧ್ರವಲ್ಲ. ಮನಸ್ಸು ಮೊದಲೇ ಬರೆದಿಟ್ಟ ಮಾತಿಗೆ ಅದು ರುಜು ಹಾಕುತ್ತದೆ. ಅಮೆರಿಕದ ವೈಮಾನಿಕರು ಬರೆದುಕೊಟ್ಟ ವರದಿಗಳನ್ನು ಪರಿಶೀಲಿಸಿದವರಿಗೆ ಕಂಡ ಒಂದು ಸಂಗತಿ ಹೇಳುತ್ತೇನೆ. ಎತ್ತರದ ವಿಷಯದಲ್ಲಿ ಅತಿ ಹೆಚ್ಚು ಸಲ ಅದಲುಬದಲಾದ ಜೋಡಿ ಹತ್ತು ಸಾವಿರ ಅಡಿ ಮತ್ತು ಹನ್ನೊಂದು ಸಾವಿರ ಅಡಿ. ಅಲ್ಲಿ ಅದನ್ನು 'ಒನ್ ಜೀರೋ ಥೌಸಂಡ್', 'ಒನ್ ಒನ್ ಥೌಸಂಡ್' ಎಂದು ಹೇಳುತ್ತಾರೆ. ಗೊರಗೊರ ಎನ್ನುವ ರೇಡಿಯೋದಲ್ಲಿ ಎರಡಕ್ಕೂ ಎಷ್ಟು ಅಂತರ? ಆದರೆ ಆಕಾಶದಲ್ಲಿ ಒಂದರ ಮೇಲೊಂದು ಹೋಗುವ ವಿಮಾನಗಳ ನಡುವೆ ಸಾಮಾನ್ಯವಾಗಿ ಬಿಡುವ ಅಂತರವೇ ಒಂದು ಸಾವಿರ ಅಡಿ. ಒಂದು ಪದ ತಪ್ಪಿದರೆ ಆ ಅಂತರ ಪೂರ್ತಿ ಹೋಯಿತು.

ಹಾದಿ ತಪ್ಪುವುದು

ಕೆಲವು ಸಲ ಮಾತು ಸರಿಯಾಗಿಯೇ ಕೇಳಿರುತ್ತದೆ, ಕಾಲು ಮಾತ್ರ ಬೇರೆ ಕಡೆ ಹೋಗಿರುತ್ತದೆ. ೨೦೦೬ರ ಆಗಸ್ಟ್ ೨೭ರಂದು ಬೆಳಗಾಗುವ ಮುನ್ನ ಅಮೆರಿಕದ ಲೆಕ್ಸಿಂಗ್ಟನ್ ನಗರದಲ್ಲಿ ಕಾಮ್‌ಏರ್ ಸಂಸ್ಥೆಯ ವಿಮಾನಕ್ಕೆ ೨೨ನೆಯ ರನ್‌ವೇಯಿಂದ ಹೊರಡಲು ಹೇಳಿದ್ದರು. ಅದರ ಉದ್ದ ಸುಮಾರು ೭,೦೦೦ ಅಡಿ. ಅವರು ಹೋಗಿ ನಿಂತದ್ದು ಸುಮಾರು ೩,೫೦೦ ಅಡಿಯ ೨೬ನೆಯದರ ಮೇಲೆ. ದಾರಿಯಲ್ಲಿ ಇಬ್ಬರೂ ಕೆಲಸಕ್ಕೆ ಸಂಬಂಧವಿಲ್ಲದ ಮಾತಿನಲ್ಲಿ ತೊಡಗಿದ್ದರೆಂದು ತನಿಖೆಯವರು ಬರೆದಿದ್ದಾರೆ. ದಿಕ್ಸೂಚಿ ಕಣ್ಣೆದುರಿಗೇ ಬೇರೆ ಅಂಕೆ ತೋರಿಸುತ್ತಿತ್ತು, ಹೋಲಿಸಿ ನೋಡಲಿಲ್ಲ. ೫೦ ಜನರಲ್ಲಿ ೪೯ ಜನ ಸತ್ತರು.

ಇನ್ನು ನೆಲ ಬಿಟ್ಟ ಮೇಲಿನ ಹಾದಿ. ಈಗಿನ ವಿಮಾನಗಳಲ್ಲಿ ಹೋಗಬೇಕಾದ ಹಾದಿಯನ್ನು ಗಣಕಯಂತ್ರಕ್ಕೆ ಮೊದಲೇ ತಿಳಿಸಿರುತ್ತಾರೆ. ಅದು ಹೇಳಿದಂತೆ ವಿಮಾನ ತಿರುಗುತ್ತದೆ. ಇದರಿಂದ ಶ್ರಮ ತಗ್ಗಿತು, ಆದರೆ ತಪ್ಪಿನ ಜಾಗ ಮಾತ್ರ ಬದಲಾಯಿತು. ಗಾಳಿ ತಿರುಗಿ ಕೊನೆಯ ಗಳಿಗೆಯಲ್ಲಿ ರನ್‌ವೇ ಬದಲಾದರೆ ಗಣಕಕ್ಕೂ ಹೊಸ ಹಾದಿಯನ್ನು ತಿಳಿಸಬೇಕು. ಗಡಿಬಿಡಿಯಲ್ಲಿ ಮರೆತರೆ, ಅಥವಾ ನಡುವಿನ ಒಂದು ಬಿಂದು ಬಿಟ್ಟುಹೋದರೆ, ಅದು ಹಳೆಯ ಅಪ್ಪಣೆಯನ್ನೇ ನಿಷ್ಠೆಯಿಂದ ಪಾಲಿಸುತ್ತದೆ. ಅಕ್ಕಪಕ್ಕದ ಎರಡು ರನ್‌ವೇಗಳಿಂದ ಏಕಕಾಲದಲ್ಲಿ ವಿಮಾನಗಳು ಏರುವ ಊರಿನಲ್ಲಿ ಇದರ ಅರ್ಥವೇನೆಂದು ವಿವರಿಸಬೇಕಾದುದಿಲ್ಲ. ಆದ್ದರಿಂದ ಒಬ್ಬರು ನಕ್ಷೆಯನ್ನೂ ಇನ್ನೊಬ್ಬರು ಗಣಕದ ಪರದೆಯನ್ನೂ ಹಿಡಿದು, ಬಿಂದು ಬಿಂದುವಿಗೆ ಹೆಸರನ್ನೂ ಎತ್ತರವನ್ನೂ ಗಟ್ಟಿಯಾಗಿ ಓದಿ ತಾಳೆ ನೋಡುವುದು ಒಳ್ಳೆಯ ವೈಮಾನಿಕರ ಪದ್ಧತಿ.

ಕಂಡುಕೊಂಡ ಮದ್ದು

ಟೆನೆರಿಫ್‌ನ ಬೂದಿಯಿಂದ ಹುಟ್ಟಿದ ನಿಯಮಗಳು ನೋಡಲು ತೀರ ಸಣ್ಣವು. 'ಟೇಕಾಫ್' ಎಂಬ ಪದವನ್ನು ಏರಲು ನಿಜವಾಗಿ ಅಪ್ಪಣೆ ಕೊಡುವಾಗ, ಇಲ್ಲವೆ ಕೊಟ್ಟ ಅಪ್ಪಣೆಯನ್ನು ರದ್ದು ಮಾಡುವಾಗ ಮಾತ್ರ ಬಳಸಬೇಕು. ಉಳಿದ ಕಡೆಯೆಲ್ಲ 'ಡಿಪಾರ್ಚರ್' ಎನ್ನಬೇಕು. 'ಓಕೆ', 'ಸರಿ' ಎಂದು ತಲೆಯಾಡಿಸಿದರೆ ಸಾಲದು. ಅಪ್ಪಣೆಯ ಮುಖ್ಯ ಭಾಗಗಳನ್ನು ಪೂರ್ತಿಯಾಗಿ ತಿರುಗಿ ಹೇಳಬೇಕು, ಹೇಳಿದ್ದನ್ನು ನಿಯಂತ್ರಣಾಧಿಕಾರಿ ಕಿವಿಗೊಟ್ಟು ಕೇಳಿ ತಪ್ಪಿದ್ದರೆ ತಿದ್ದಬೇಕು. ಅಂಕೆಗಳ ಉಚ್ಚಾರಣೆಯನ್ನು ಕೂಡ ಜಗತ್ತಿಗೆಲ್ಲ ಒಂದೇ ರೀತಿ ಗೊತ್ತುಮಾಡಿದ್ದಾರೆ. ಮೂರಕ್ಕೆ 'ಟ್ರೀ', ಐದಕ್ಕೆ 'ಫೈಫ್', ಒಂಬತ್ತಕ್ಕೆ 'ನೈನರ್'. 'ಫೈವ್' ಮತ್ತು 'ನೈನ್' ರೇಡಿಯೋದಲ್ಲಿ ಅವಳಿ ಮಕ್ಕಳಂತೆ ಕೇಳಿಸುತ್ತವೆ ಎಂಬುದು ನಿಮಗೂ ಗೊತ್ತಿದ್ದೀತು.

೧೯೮೧ರಲ್ಲಿ ಅಮೆರಿಕ ಇನ್ನೊಂದು ನಿಯಮ ತಂದಿತು. ನೆಲದ ಮೇಲೆ ಸಾಗುವಾಗಲೂ ಹತ್ತು ಸಾವಿರ ಅಡಿ ಮುಟ್ಟುವವರೆಗೂ ವೈಮಾನಿಕರು ಕೆಲಸದ ಮಾತಲ್ಲದೆ ಬೇರೆ ಮಾತಾಡಕೂಡದು. ಲೆಕ್ಸಿಂಗ್ಟನ್‌ನಲ್ಲಿ ಮುರಿದದ್ದು ಈ ನಿಯಮವನ್ನೇ.

ಎಲ್ಲಕ್ಕಿಂತ ಕಷ್ಟದ ಮದ್ದೆಂದರೆ ಹಿರಿತನದ ವಿಷಯದ್ದು. ಕಿರಿಯರು ಸಂಶಯ ಬಂದರೆ ಬಾಯಿ ಬಿಟ್ಟು ಹೇಳಬೇಕು, ಹಿರಿಯರು ಅದನ್ನು ಅವಮಾನವೆಂದು ತಿಳಿಯದೆ ನಿಂತು ಕೇಳಬೇಕು. ೧೯೭೯ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಈ ಬಗ್ಗೆ ತಜ್ಞರ ಸಭೆ ಸೇರಿಸಿತು. ೧೯೮೧ರಲ್ಲಿ ಯುನೈಟೆಡ್ ವಿಮಾನ ಸಂಸ್ಥೆ ಇದನ್ನೇ ಪಾಠವಾಗಿ ತನ್ನ ವೈಮಾನಿಕರಿಗೆ ಕಲಿಸತೊಡಗಿತು. ಈಗ ನಮ್ಮ ದೇಶದಲ್ಲಿಯೂ ಈ ತರಬೇತಿಯಿಲ್ಲದೆ ಯಾರೂ ಪ್ರಯಾಣಿಕರ ವಿಮಾನ ನಡೆಸುವಂತಿಲ್ಲ. ಗುರುಹಿರಿಯರೆದುರು ತಗ್ಗಿ ನಡೆಯಬೇಕೆಂದು ಬೆಳೆದ ನಮ್ಮಂಥವರಿಗೆ ಇದು ಸುಲಭದ ಪಾಠವಲ್ಲ. ಆದರೆ ಹಿರಿಯರನ್ನು ತಪ್ಪಿನಿಂದ ತಡೆಯುವುದೂ ಅವರಿಗೆ ತೋರುವ ಮರ್ಯಾದೆಯೇ ಅಲ್ಲವೆ?

ಒಪ್ಪಿಕೊಂಡ ತಪ್ಪಿನ ಬೆಲೆ

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಅನಾಹುತವಾದರೆ ತನಿಖೆ ನಡೆಯುತ್ತದೆ. ತಪ್ಪು ನಡೆದೂ ಏನೂ ಆಗದೆ ಪಾರಾದರೆ? ಅದನ್ನು ಕಂಡವರು ಆ ಇಬ್ಬರೇ. ಹೇಳಿದರೆ ಶಿಕ್ಷೆ, ಹೇಳದಿದ್ದರೆ ಯಾರಿಗೂ ತಿಳಿಯದು. ಯಾರು ತಾನೇ ಹೇಳಿಯಾರು?

ಇದಕ್ಕೆ ಉತ್ತರ ಬಂದ ಸಂದರ್ಭ ವಿಮಾನ ಹೊರಡುವಾಗಿನದಲ್ಲ, ಇಳಿಯುವಾಗಿನದು. ಆದರೂ ಇಲ್ಲಿ ಹೇಳಲೇಬೇಕು. ೧೯೭೪ರ ಡಿಸೆಂಬರ್ ೧ರಂದು ಟಿ.ಡಬ್ಲ್ಯು.ಎ. ಸಂಸ್ಥೆಯ ವಿಮಾನವೊಂದು ವಾಷಿಂಗ್ಟನ್ ಬಳಿ ಇಳಿಯಲು ಬರುತ್ತ, ನಿಯಂತ್ರಣಾಧಿಕಾರಿಯ ಅಪ್ಪಣೆಯನ್ನು ತಪ್ಪಾಗಿ ಅರ್ಥಮಾಡಿಕೊಂಡು ಬೇಗನೆ ಕೆಳಗಿಳಿದು ಬೆಟ್ಟಕ್ಕೆ ಬಡಿಯಿತು. ೯೨ ಜನ ಸತ್ತರು. ಆಮೇಲೆ ತಿಳಿದುಬಂತು: ಆರು ವಾರಗಳ ಹಿಂದೆ ಅದೇ ಜಾಗದಲ್ಲಿ ಅದೇ ಮಾತನ್ನು ಅದೇ ರೀತಿ ತಪ್ಪು ತಿಳಿದು ಯುನೈಟೆಡ್ ಸಂಸ್ಥೆಯ ವಿಮಾನವೊಂದು ಕೂದಲೆಳೆಯಲ್ಲಿ ಪಾರಾಗಿತ್ತು. ಆ ವೈಮಾನಿಕರು ಮುಚ್ಚಿಡದೆ ತಮ್ಮ ಸಂಸ್ಥೆಗೆ ತಿಳಿಸಿದ್ದರು. ಸಂಸ್ಥೆ ತನ್ನ ವೈಮಾನಿಕರನ್ನೆಲ್ಲ ಎಚ್ಚರಿಸಿತ್ತು. ಆದರೆ ಬೇರೆ ಸಂಸ್ಥೆಯವರಿಗೆ ಅದನ್ನು ಮುಟ್ಟಿಸುವ ದಾರಿಯೇ ಇರಲಿಲ್ಲ. ೯೨ ಜೀವಗಳನ್ನು ಉಳಿಸಬಹುದಾಗಿದ್ದ ಒಂದು ಮಾತು ಒಂದು ಕಚೇರಿಯ ಗೋಡೆಯೊಳಗೇ ನಿಂತುಹೋಯಿತು.

ಈ ನೋವಿನಿಂದ ೧೯೭೬ರಲ್ಲಿ ಅಮೆರಿಕದಲ್ಲಿ ಗುಟ್ಟಿನ ವರದಿಯ ಪದ್ಧತಿಯೊಂದು ಆರಂಭವಾಯಿತು. ವೈಮಾನಿಕರಾಗಲಿ ನಿಯಂತ್ರಣಾಧಿಕಾರಿಗಳಾಗಲಿ ತಮ್ಮ ತಪ್ಪನ್ನು ತಾವೇ ಬರೆದು ನಾಸಾ ಸಂಸ್ಥೆಗೆ ಕಳಿಸಬಹುದು. ದಂಡ ಹಾಕುವ ಇಲಾಖೆಗಲ್ಲ, ನಾಸಾಗೆ ಎಂಬುದು ಮುಖ್ಯ. ಅಲ್ಲಿ ಓದಿ, ಬರೆದವರ ಹೆಸರನ್ನು ಅಳಿಸಿ, ಪಾಠವನ್ನು ಮಾತ್ರ ಎಲ್ಲರಿಗೂ ಹಂಚುತ್ತಾರೆ. ಬೇಕೆಂದು ಮಾಡಿದ ತಪ್ಪಿಗೂ ಅಪರಾಧಕ್ಕೂ ಇದರಲ್ಲಿ ರಕ್ಷಣೆಯಿಲ್ಲ. ಕೈತಪ್ಪಿ ಆದುದನ್ನು ಹತ್ತು ದಿನಗಳೊಳಗೆ ತಿಳಿಸಿದವರಿಗೆ ಸಾಮಾನ್ಯವಾಗಿ ದಂಡನೆಯಿಲ್ಲ. ಅಂದಿನಿಂದ ಲಕ್ಷಗಟ್ಟಲೆ ವರದಿಗಳು ಬಂದಿವೆ. ಹತ್ತು ಸಾವಿರ, ಹನ್ನೊಂದು ಸಾವಿರದ ಗೊಂದಲ ಲೋಕಕ್ಕೆ ತಿಳಿದದ್ದು ಹೀಗೆ ತಪ್ಪೊಪ್ಪಿಕೊಂಡ ಪ್ರಾಮಾಣಿಕರಿಂದ. ಸತ್ತವರಿಂದ ಕಲಿಯುವುದಕ್ಕಿಂತ ಪಾರಾದವರಿಂದ ಕಲಿಯುವುದು ಮೇಲಲ್ಲವೆ?

ನಮ್ಮೂರಿನ ಆಕಾಶದಲ್ಲಿ

ಇದೆಲ್ಲ ಎಲ್ಲೋ ದೂರದ ಮಾತೆಂದು ತಿಳಿಯಬೇಡಿ. ೨೦೨೨ರ ಜನವರಿ ೭ರ ಬೆಳಗ್ಗೆ ಬೆಂಗಳೂರಿನ ಅಕ್ಕಪಕ್ಕದ ಎರಡು ರನ್‌ವೇಗಳಿಂದ, ಒಂದು ಕೊಲ್ಕತ್ತಕ್ಕೆ, ಇನ್ನೊಂದು ಭುವನೇಶ್ವರಕ್ಕೆ ಹೊರಟ ಎರಡು ವಿಮಾನಗಳು ಹ್ಯಾಗೆ ಏರಬಾರದೋ ಹಾಗೆ ಬಹುಮಟ್ಟಿಗೆ ಒಟ್ಟಿಗೇ ಏರಿ ಒಂದರತ್ತ ಒಂದು ಸರಿಯತೊಡಗಿದುವು. ರೇಡಾರ್ ನೋಡುತ್ತಿದ್ದ ಅಧಿಕಾರಿ ಕೂಡಲೇ ಕಂಡು ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. ಯಾರಿಗೂ ಏನೂ ಆಗಲಿಲ್ಲ. ಇಲ್ಲಿ ತಪ್ಪು ವೈಮಾನಿಕರದಲ್ಲ. ಅವರು ಕೊಟ್ಟ ಅಪ್ಪಣೆಯಂತೆಯೇ ನಡೆದರು. ಒಂದೇ ರನ್‌ವೇ ಬಳಸೋಣವೆಂದು ನಿಯಂತ್ರಣ ಗೋಪುರದಲ್ಲಿ ಮಾಡಿದ ತೀರ್ಮಾನ ಇನ್ನೊಂದು ರನ್‌ವೇ ನೋಡಿಕೊಳ್ಳುತ್ತಿದ್ದವರಿಗೆ ತಲುಪಿರಲಿಲ್ಲ. ಅಲ್ಲಿಯೂ ಅದೇ ಕಥೆ: ಒಬ್ಬರಿಗೆ ಗೊತ್ತಿದ್ದುದು ಎಲ್ಲರಿಗೂ ಗೊತ್ತಿದೆಯೆಂದು ಭಾವಿಸಿದ್ದು. ಕಾಪಾಡಿದ್ದೂ ಅದೇ: ಇನ್ನೊಬ್ಬರ ಕಣ್ಣು.

ಮುಂದೆ ಎಂದಾದರೂ ನೀವು ವಿಮಾನದಲ್ಲಿ ಕುಳಿತಾಗ, ರನ್‌ವೇ ಅಂಚಿನವರೆಗೆ ಹೋಗಿಯೂ ಅದು ಸುಮ್ಮನೆ ನಿಂತುಬಿಟ್ಟರೆ ಗೊಣಗಬೇಡಿ. ಯಾರೋ ಒಬ್ಬರು ಅಡಚಣೆ ಬಂದುದರಿಂದ ಪಟ್ಟಿಯನ್ನು ಮೊದಲಿನಿಂದ ಓದುತ್ತಿರಬಹುದು. ಯಾರೋ ಒಬ್ಬ ಕಿರಿಯ ವೈಮಾನಿಕ, ಸ್ವಾಮಿ, ಆ ಮಾತು ನನಗೆ ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಕೇಳೋಣ ಎಂದಿರಬಹುದು. ಆ ಐದು ನಿಮಿಷ ನಿಮ್ಮ ಹೊತ್ತು ಕಳೆಯಲಿಲ್ಲ. ಟೆನೆರಿಫ್‌ನಲ್ಲಿ ಅಷ್ಟು ಹೊತ್ತು ಯಾರಾದರೂ ನಿಂತು ಕೇಳಿದ್ದರೆ, ಆ ಸಂಜೆಯ ಶಿಳ್ಳು ಕೂಡ ನಮ್ಮ ಮನೆಯ ರೇಡಿಯೋದ ಶಿಳ್ಳಿನಂತೆ ಬರಿಯ ಕಿರಿಕಿರಿಯಾಗಿ ಮುಗಿದಿರುತ್ತಿತ್ತು.